ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಏಲಿಯನ್: ಐಸೊಲೇಶನ್’ ಆಡಬಹುದಾ?

ಹೋದ ತಿಂಗಳು ಹೆದರಿಸುವ ವಿಡಿಯೊ ಗೇಮ್‌ಗಳ ಬಗ್ಗೆ ಬರೆಯುವಾಗ ‘ಏಲಿಯನ್: ಐಸೊಲೇಶನ್’ ಹೆಸರು ಒಂದೇ ಒಂದು ಸಲ ಬಂದಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ ಇವೆ. 2014ರ ಅಕ್ಟೋಬರ್‌ನಲ್ಲಿ ಬಂದ ಹಳೇ ಆಟ ಇದು. ಆದರೂ ಜನ ಈಗಲೂ ಹೊಸದಾಗಿ ಕೊಂಡು ಆಡ್ತಾರೆ, ಅರ್ಧಕ್ಕೆ ಬಿಡ್ತಾರೆ, ಆರು ತಿಂಗಳು ಬಿಟ್ಟು ಮತ್ತೆ ಹಿಡಿಯುತ್ತಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಸರ್, ಈ ಆಟಕ್ಕೆ ಒಂದು ಕಡೆ ನೂರಕ್ಕೆ 93 ಅಂಕ, ಇನ್ನೊಂದು ಕಡೆ ಹತ್ತಕ್ಕೆ 5.9. ಇಷ್ಟು ವ್ಯತ್ಯಾಸ ಇದ್ದರೆ ಯಾರನ್ನು ನಂಬೋದು? ದುಡ್ಡು ಕೊಟ್ಟು ಕೊಳ್ಳಬಹುದಾ?
ಓದುಗರು, ಹುಬ್ಬಳ್ಳಿ

ನೀವು ಹೇಳಿದ ಎರಡೂ ಅಂಕ ನಿಜ. ಆಟಗಳ ವಿಮರ್ಶೆ ಬರೆಯುವವರಲ್ಲಿ ಪಿಸಿ ಗೇಮರ್ ಪತ್ರಿಕೆ ನೂರಕ್ಕೆ 93 ಕೊಟ್ಟಿತ್ತು, ಐಜಿಎನ್ ಜಾಲತಾಣ ಹತ್ತಕ್ಕೆ 5.9 ಕೊಟ್ಟಿತ್ತು, ಗೇಮ್‌ಸ್ಪಾಟ್ ಜಾಲತಾಣ 6. ನನ್ನ ಪ್ರಕಾರ ಮೂವರೂ ತಮಗೆ ಅನಿಸಿದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಾರೆ. ಈ ಆಟದ ಶಕ್ತಿ ಯಾವುದೋ ಅದರ ತೊಂದರೆಯೂ ಅದೇ, ಅದಕ್ಕೇ ಅಂಕಗಳಲ್ಲಿ ಇಷ್ಟು ಅಂತರ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಕತೆ ನಡೆಯುವುದು 2137ರಲ್ಲಿ. ಅಮಾಂಡಾ ರಿಪ್ಲಿ ಅನ್ನುವ ಎಂಜಿನಿಯರ್ ಹುಡುಗಿಯ ತಾಯಿ ಹದಿನೈದು ವರ್ಷದ ಹಿಂದೆ ‘ನೊಸ್ಟ್ರೊಮೊ’ ಅನ್ನುವ ಹಡಗಿನ ಜೊತೆ ಬಾಹ್ಯಾಕಾಶದಲ್ಲಿ ಕಾಣೆಯಾಗಿದ್ದಾಳೆ. ಆ ಹಡಗಿನ ಪ್ರಯಾಣದ ವಿವರ ದಾಖಲಿಸಿಟ್ಟ ಫ್ಲೈಟ್ ರೆಕಾರ್ಡರ್ ‘ಸೆವಾಸ್ತೊಪೋಲ್’ ಅನ್ನುವ ಬಾಹ್ಯಾಕಾಶ ನಿಲ್ದಾಣದಲ್ಲಿದೆ ಅಂತ ಸುದ್ದಿ ಬರುತ್ತದೆ, ಮಗಳು ಹುಡುಕಿಕೊಂಡು ಹೊರಡುತ್ತಾಳೆ. ಹೋಗಿ ನೋಡಿದರೆ ನಿಲ್ದಾಣ ಹಾಳು ಸುರಿಯುತ್ತಿದೆ, ಉಳಿದ ಜನ ಒಬ್ಬರನ್ನೊಬ್ಬರು ನಂಬುತ್ತಿಲ್ಲ, ಮತ್ತು ಅಲ್ಲಿ ಏಲಿಯನ್, ಅಂದರೆ ಬೇರೆ ಲೋಕದ ಒಂದು ಪ್ರಾಣಿ ಓಡಾಡುತ್ತಿದೆ. ಆಟದ ಬಹುಪಾಲು ನಿಮ್ಮ ಎದುರು ಇರುವುದು ಆ ಒಂದೇ ಒಂದು ಪ್ರಾಣಿ. ನಿಮ್ಮ ಕೈಲಿರುವ ಯಾವ ಆಯುಧದಿಂದಲೂ ಅದು ಸಾಯುವುದಿಲ್ಲ.

ಇದು ಎಷ್ಟು ದೊಡ್ಡ ನಿರ್ಧಾರ ಅಂತ ಯೋಚನೆ ಮಾಡಿ. 1996ರಲ್ಲಿ ‘ರೆಸಿಡೆಂಟ್ ಈವಿಲ್’ ಬಂದಾಗಿನಿಂದ ಈ ಬಗೆಯ ಆಟಗಳ ಸೂತ್ರ ಏನು? ಗುಂಡು ಕಮ್ಮಿ ಕೊಡೋದು, ಶತ್ರು ಜಾಸ್ತಿ ಬಿಡೋದು. ಲೆಕ್ಕ ಹಾಕಿ ಹೊಡೆದರೆ ಬದುಕ್ತೀರಿ. ಇಲ್ಲಿ ಆ ಲೆಕ್ಕವೇ ಇಲ್ಲ. ಅಡಗಬೇಕು, ಕಾಯಬೇಕು, ಕಿವಿಗೊಡಬೇಕು. ಅದು ಮೇಲಿನ ಗಾಳಿಕೊಳವೆಯಲ್ಲಿ ಓಡಿದರೆ ತಗಡು ಧಡಧಡ ಅನ್ನುತ್ತದೆ, ನೆಲಕ್ಕಿಳಿದರೆ ಹೆಜ್ಜೆಯ ಸದ್ದೇ ಬೇರೆ. ಕೊಳವೆಯ ಬಾಯಿಂದ ಜೊಲ್ಲು ತೊಟ್ಟಿಕ್ಕುತ್ತಿದ್ದರೆ ಅದರ ಕೆಳಗೆ ಕಾಲಿಡಬಾರದು. ಕೈಯಲ್ಲೊಂದು ಮೋಷನ್ ಟ್ರ್ಯಾಕರ್ ಇರುತ್ತದೆ, ಚಲಿಸುವುದನ್ನೆಲ್ಲ ಚುಕ್ಕಿಯಾಗಿ ತೋರಿಸುತ್ತದೆ. ಆದರೆ ಅದನ್ನು ನೋಡುವಾಗ ಎದುರಿನ ದೃಶ್ಯ ಮಸುಕಾಗುತ್ತದೆ, ಪ್ರಾಣಿ ಹತ್ತಿರ ಇದ್ದರೆ ಟ್ರ್ಯಾಕರಿನ ಬೀಪ್ ಸದ್ದು ಅದಕ್ಕೂ ಕೇಳಿಸುತ್ತದೆ. ನಿಮಗೆ ಸಹಾಯ ಮಾಡುವ ವಸ್ತುವೇ ನಿಮ್ಮನ್ನು ಹಿಡಿದುಕೊಡಬಹುದು. ಇಂಥ ಯೋಚನೆ ಇರುವ ಆಟಗಳು ನನಗೆ ಸಿಕ್ಕಿದ್ದು ತೀರಾ ಕಮ್ಮಿ.

ನೋಟದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಆಟ ಮಾಡಿದ್ದು ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ. ಅದಕ್ಕೂ ಮೊದಲು ಅವರು ಹೆಸರು ಮಾಡಿದ್ದು ‘ಟೋಟಲ್ ವಾರ್’ ಅನ್ನುವ ಯುದ್ಧತಂತ್ರದ ಆಟಗಳಿಂದ. ಈ ಆಟಕ್ಕೆ ಮೂಲವಾದ 1979ರ ‘ಏಲಿಯನ್’ ಸಿನಿಮಾ ತೆಗೆದವರ ಕೈಲಿ ಆ ಕಾಲದಲ್ಲಿ ಏನು ಮಾಡಲು ಸಾಧ್ಯವಿತ್ತೋ ಅಷ್ಟೇ ಇಲ್ಲೂ ಇರಬೇಕು ಅಂತ ಅವರು ನಿಯಮ ಹಾಕಿಕೊಂಡರು. ಅದಕ್ಕೇ ಟಚ್ ಸ್ಕ್ರೀನ್ ಇಲ್ಲ. ಹಸಿರು ಅಕ್ಷರದ ದಪ್ಪ ಮಾನಿಟರ್, ಟಕ್ ಅನ್ನುವ ಸ್ವಿಚ್, ಕ್ಯಾಸೆಟ್‌ನಂಥ ಸಲಕರಣೆ. ಪರದೆಗಳ ಮೇಲಿನ ಚಿತ್ರಗಳನ್ನು ನಿಜವಾಗಿಯೂ ವಿಎಚ್‌ಎಸ್ ಟೇಪಿಗೆ ರೆಕಾರ್ಡ್ ಮಾಡಿ, ಟೇಪನ್ನು ಕೆಡಿಸಿ, ಆ ಅಲುಗಾಟವನ್ನೇ ತಿರುಗಿ ಆಟಕ್ಕೆ ಹಾಕಿದರು. ಹಳೇ ವಿಸಿಆರ್ ನೋಡಿ ಬೆಳೆದವರಿಗೆ ಆ ಗೆರೆಗಳನ್ನು ಕಂಡ ಕೂಡಲೇ ಗುರುತು ಸಿಗುತ್ತದೆ.

ಹಾಗಾದರೆ 5.9 ಯಾಕೆ ಬಂತು? ಪ್ರಾಣಿ ಸಾಯುವುದಿಲ್ಲ, ಆದರೆ ನೀವು ಸಾಯ್ತೀರಿ, ತುಂಬಾ ಸಲ. ಮೊದಲ ಸಲ ಅದು ಹಿಡಿದಾಗ ಎದೆ ನಿಂತ ಹಾಗಾಗುತ್ತದೆ. ಅದೇ ಕಾರಿಡಾರಿನಲ್ಲಿ ಹತ್ತನೇ ಸಲ ಹಿಡಿದಾಗ ಭಯ ಹೋಗಿ ಸಿಟ್ಟು ಬರುತ್ತದೆ. ಸಿಟ್ಟು ಬಂದ ಮೇಲೆ ಅಲ್ಲಿ ಹೆದರುವುದಕ್ಕೆ ಏನೂ ಉಳಿಯುವುದಿಲ್ಲ. ಆ ಸಿಟ್ಟು ಯಾರಿಗೆ ಬೇಗ ಬಂತೋ ಅವರು 6 ಕೊಟ್ಟರು, ಯಾರಿಗೆ ಬರಲೇ ಇಲ್ಲವೋ ಅವರು 93 ಕೊಟ್ಟರು. ನಿಮಗೆ ತಾಳ್ಮೆ ಇದ್ದರೆ ಕೊಳ್ಳಿ. ಮೊದಲ ಹತ್ತು ಗಂಟೆಗೇ ಕೊಟ್ಟ ದುಡ್ಡು ಬಂತು ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ನಮ್ಮ ಕಡೆ ತೋಟಕ್ಕೆ ಆನೆ ಬಂದಿದೆ ಅಂತ ಗೊತ್ತಾದರೆ ಹುಷಾರಾಗಿ ಓಡಾಡ್ತೀವಿ. ಅದು ಎಲ್ಲಿದೆ ಅಂತ ನಮಗೆ ಗೊತ್ತಿಲ್ಲ, ನಾವೆಲ್ಲಿದ್ದೀವಿ ಅಂತ ಅದಕ್ಕೂ ಗೊತ್ತಿರಲ್ಲ. ಈ ಏಲಿಯನ್ ಮಾತ್ರ ನಾನು ಯಾವ ಮೂಲೆಗೆ ಹೋದರೂ ಅಲ್ಲೇ ಸುತ್ತುತ್ತದೆ. ಇದು ಮೋಸ ಅಲ್ವಾ?
ಓದುಗರು, ಸಕಲೇಶಪುರ

ತುಂಬಾ ಒಳ್ಳೇ ಪ್ರಶ್ನೆ, ಆನೆಯ ಹೋಲಿಕೆ ಇನ್ನೂ ಚೆನ್ನಾಗಿದೆ. ಅರ್ಧ ಮೋಸ ಇದೆ. ಆದರೆ ಆ ಅರ್ಧ ಇಲ್ಲದಿದ್ದರೆ ಆಟವೇ ನಡೆಯುತ್ತಿರಲಿಲ್ಲ.

ಇದರ ಹಿಂದೆ ಎರಡು ಮಿದುಳು ಕೆಲಸ ಮಾಡುತ್ತವೆ. ಒಂದು, ಮೇಲೆ ಕೂತು ಎಲ್ಲ ನೋಡುವ ನಿರ್ದೇಶಕನಂಥದ್ದು. ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಯಾವಾಗಲೂ ಗೊತ್ತು. ಇನ್ನೊಂದು ಪ್ರಾಣಿಯದೇ ಮಿದುಳು. ಅದಕ್ಕೆ ಗೊತ್ತಿರುವುದು ತಾನು ಕಂಡದ್ದು, ಕೇಳಿದ್ದು ಮಾತ್ರ. ಮೇಲಿನವನು ಕೆಳಗಿನದಕ್ಕೆ ನಿಮ್ಮ ಜಾಗವನ್ನು ಹೇಳಿಕೊಡುವುದಿಲ್ಲ. ‘ಆ ಕಡೆ ಸ್ವಲ್ಪ ನೋಡು’ ಅಂತ ದಿಕ್ಕು ತೋರಿಸುತ್ತಾನೆ ಅಷ್ಟೇ. ಉಳಿದ ಹುಡುಕಾಟ ಅದೇ ಮಾಡಬೇಕು. ನಿಮ್ಮ ಟಾರ್ಚ್ ಬೆಳಕು ಬಿದ್ದರೆ, ನೀವು ಓಡಿದರೆ, ಏನಾದರೂ ಸದ್ದಾದರೆ ಬರುತ್ತದೆ. ಇಲ್ಲದಿದ್ದರೆ ನಿಮ್ಮ ಮೇಜಿನ ಪಕ್ಕದಲ್ಲೇ ಹಾದು ಹೋಗುತ್ತದೆ, ನಿಮ್ಮನ್ನು ನೋಡುವುದೂ ಇಲ್ಲ.

ಅದೇ ನಿರ್ದೇಶಕ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತಾನೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ರಾಣಿ ತುಂಬಾ ಹೊತ್ತು ನಿಮ್ಮ ಹತ್ತಿರವೇ ಸುತ್ತಿದರೆ ಒಳಗೊಳಗೇ ಒತ್ತಡದ ಒಂದು ಲೆಕ್ಕ ಏರುತ್ತಾ ಹೋಗುತ್ತದೆ. ಅದು ಮಿತಿ ಮುಟ್ಟಿದಾಗ ಪ್ರಾಣಿಯನ್ನು ಮೇಲಿನ ಕೊಳವೆಗೆ ವಾಪಸ್ ಕಳಿಸಿ ನಿಮಗೆ ಉಸಿರಾಡಲು ಬಿಡುತ್ತಾನೆ. ಇನ್ನೊಂದು ವಿಷಯ: ಪ್ರಾಣಿಯ ಕೆಲವು ವರ್ತನೆಗಳು ಶುರುವಿನಲ್ಲಿ ಬೀಗ ಹಾಕಿದಂತೆ ಇರುತ್ತವೆ, ಆಟ ಮುಂದುವರಿದಂತೆ, ನೀವು ಮಾಡುವುದನ್ನು ನೋಡಿಕೊಂಡು ಒಂದೊಂದಾಗಿ ತೆರೆಯುತ್ತವೆ. ಬೆಂಕಿ ಉಗುಳುವ ಫ್ಲೇಮ್ ಥ್ರೋವರ್ ಮೊದಮೊದಲು ತೋರಿಸಿದರೆ ಸಾಕು, ಓಡುತ್ತದೆ. ಆಮೇಲಾಮೇಲೆ ಬೆಂಕಿ ತಾಗದಷ್ಟು ದೂರದಲ್ಲಿ ನಿಂತು ಕಾಯಲು ಶುರು ಮಾಡುತ್ತದೆ. ಮೊದಲ ಸಲ ಅದು ಹಾಗೆ ನಿಂತು ನನ್ನನ್ನೇ ನೋಡಿದಾಗ ನಾನು ಆಟ ನಿಲ್ಲಿಸಿ ನೀರು ಕುಡಿದು ಬಂದೆ.

ನಿಮ್ಮ ಆನೆಗೂ ಇದಕ್ಕೂ ನಿಜವಾದ ವ್ಯತ್ಯಾಸ ಒಂದೇ. ಆನೆಗೆ ನಿಮ್ಮ ಮೇಲೆ ಆಸಕ್ತಿ ಇಲ್ಲ, ಹಲಸು ತಿಂದು ತನ್ನ ದಾರಿ ಹಿಡಿಯುತ್ತದೆ. ಇದಕ್ಕೆ ಬೇರೆ ಕೆಲಸವೇ ಇಲ್ಲ.

ಅಣ್ಣಾ, ಆಸ್ಪತ್ರೆ ಮಿಷನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಲಾಕರ್‌ನಲ್ಲಿ ಅಡಗಿದರೂ ಎಳೆದು ಸಾಯಿಸುತ್ತೆ. ಸೇವ್ ಮಾಡೋಕೆ ಹೋದರೆ ಸೇವ್ ಆಗೋ ಮುಂಚೆ ಸಾಯಿಸುತ್ತೆ. ಬಿಟ್ಟುಬಿಡಲಾ?
ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಬಿಡಬೇಡ ತಮ್ಮಾ. ಐದನೇ ಮಿಷನ್‌ನ, ಅಂದರೆ ಆಟದ ಐದನೇ ಅಧ್ಯಾಯದ ಆ ಆಸ್ಪತ್ರೆಯಲ್ಲೇ ಜನ ಈ ಆಟ ಬಿಡೋದು, ಆಟದ ಅತಿ ಒಳ್ಳೆಯ ಭಾಗವೂ ಅದೇ. ಅಲ್ಲಿವರೆಗೆ ಪ್ರಾಣಿ ಬರೀ ದೂರದಿಂದ ಮುಖ ತೋರಿಸಿ ಹೋಗಿರುತ್ತದೆ. ಅಲ್ಲಿ ಮೊದಲ ಸಲ ಬಿಟ್ಟೂ ಬಿಡದೆ ನಿನ್ನ ಜೊತೆಗಿರುತ್ತದೆ.

ಲಾಕರ್ ನಂಬಬೇಡ. ಅದು ಬಂದು ಮೂಸುವಾಗ ಹಿಂದಕ್ಕೆ ಸರಿದು ಉಸಿರು ಹಿಡಿಯಬೇಕು. ಜಾಸ್ತಿ ಹೊತ್ತು ಹಿಡಿದರೆ ನಿನ್ನ ಜೀವವೇ ಇಳಿಯುತ್ತದೆ. ಮಂಚದ ಕೆಳಗೆ, ಮೇಜಿನ ಹಿಂದೆ ಇದ್ದರೆ ಅದು ಒಂದು ಕಡೆಯಿಂದ ಬಂದಾಗ ಇನ್ನೊಂದು ಕಡೆ ಜಾರಬಹುದು, ಲಾಕರ್‌ನಲ್ಲಿ ಆ ದಾರಿ ಇಲ್ಲ. ಓಡಲೇಬೇಡ. ಕೂತುಕೊಂಡೇ ನಡಿ. ಟ್ರ್ಯಾಕರ್ ಎತ್ತು, ನೋಡು, ಇಳಿಸು, ಅಷ್ಟೇ. ಅದು ಕೊಳವೆಗೆ ಹತ್ತಿದ ಸದ್ದು ಕೇಳಿಸಿದ ಮೇಲೆ ಮುಂದಿನ ಕೋಣೆಗೆ ಹೋಗು, ಅದು ಕೆಳಗಿದ್ದಾಗ ಕೂತಲ್ಲೇ ಇರು. ಸದ್ದು ಮಾಡುವ ಪುಟ್ಟ ಯಂತ್ರ ಮಾಡಿಕೊಂಡಿದ್ದರೆ ನೀನು ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಎಸೆ. ಇಷ್ಟಾದರೂ ಆಗದಿದ್ದರೆ ಕಷ್ಟದ ಮಟ್ಟ ಇಳಿಸಿ ಆಡು, ತಪ್ಪೇನಿಲ್ಲ. ಜನ ಕಷ್ಟಪಡುವುದನ್ನು ನೋಡಿ ‘ನೊವೀಸ್’ ಅನ್ನುವ ಸುಲಭದ ಮಟ್ಟವನ್ನು ಅವರೇ ಆಮೇಲೆ ಸೇರಿಸಿದ್ದಾರೆ.

ಸೇವ್, ಅಂದರೆ ಆಡಿದಷ್ಟನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಮಾತ್ರ ನಾನು ಆಟದ ಪರ. ಗೋಡೆಗೆ ಹಾಕಿದ ಟೆಲಿಫೋನ್ ಥರದ ಪೆಟ್ಟಿಗೆ, ಅದಕ್ಕೆ ಕಾರ್ಡ್ ತೂರಿಸಬೇಕು, ಒಂದು, ಎರಡು, ಮೂರು ದೀಪ ಹತ್ತುವವರೆಗೂ ಕಾಯಬೇಕು. ಬೆನ್ನು ಪೂರ್ತಿ ಬಯಲಿಗೆ. ಬೇರೆ ಆಟದಲ್ಲಿ ಸೇವ್ ಅಂದರೆ ನೆಮ್ಮದಿ, ಇಲ್ಲಿ ಆ ಮೂರು ದೀಪದ ಹೊತ್ತು ಇಡೀ ಆಟದಲ್ಲೇ ಉದ್ದದ ಹೊತ್ತು ಅನಿಸುತ್ತದೆ. ಒಂದು ದೂರು ಒಪ್ಪುತ್ತೇನೆ: ಕೆಲವು ಪೆಟ್ಟಿಗೆಗಳ ನಡುವೆ ಅಂತರ ಅತಿಯಾಯಿತು. ಸತ್ತ ಮೇಲೆ ಅದೇ ಡ್ರಾಯರ್‌ಗಳನ್ನು, ಅದೇ ಕಂಪ್ಯೂಟರ್‌ಗಳನ್ನು ನಾಲ್ಕನೇ ಸಲ ತೆರೆಯುವುದರಲ್ಲಿ ಭಯವೂ ಇಲ್ಲ, ಖುಷಿಯೂ ಇಲ್ಲ.

ಹತ್ತನೇ ಮಿಷನ್ ಮುಗಿಸಿದೆ. ಅಬ್ಬಾ, ಏನು ಆಟ ಅನಿಸಿತ್ತು. ಅದಾದ ಮೇಲೆ ಒಂದು ವಾರದಿಂದ ಬರೀ ರೋಬೋಗಳ ಜೊತೆ ಹೊಡೆದಾಟ, ಕರೆಂಟ್ ಹಾಕು, ಬೀಗ ತೆಗಿ, ಲಿಫ್ಟ್ ಹುಡುಕು. ಮುಂದೆ ಚೆನ್ನಾಗಿದೆಯಾ?
ದುಬೈನ ಕನ್ನಡಿಗ ಓದುಗರು

ಇನ್ನೂ ಆಡದೇ ಇರುವವರು ಈ ಉತ್ತರ ಬಿಟ್ಟು ಮುಂದೆ ಹೋಗಿ, ಕತೆ ಸ್ವಲ್ಪ ಬಯಲಾಗುತ್ತದೆ.

ನಿಮಗೆ ಅನಿಸಿದ್ದು ಸರಿ. ಈ ಆಟದ ದೊಡ್ಡ ದೋಷ ಇದೇ, ನನಗೆ ನಿಜವಾಗಿಯೂ ಬೇಸರ ತರಿಸಿದ್ದೂ ಇದೇ. ಹತ್ತನೇ ಮಿಷನ್‌ನ ಕೊನೆಯಲ್ಲಿ ಬೋನು ಹೂಡಿ ಪ್ರಾಣಿಯನ್ನು ನಿಲ್ದಾಣದಿಂದ ಕಳಚಿ ಎಸೆಯುವ ದೃಶ್ಯ ಇದೆಯಲ್ಲ, ಅಲ್ಲಿಗೆ ಕತೆ ಒಂದು ಸುತ್ತು ಪೂರ್ತಿಯಾಗುತ್ತದೆ. ನೋಡಿದರೆ ಒಟ್ಟು 18 ಮಿಷನ್! ಮಾಮೂಲಿ ವೇಗದಲ್ಲಿ ಆಡಿದರೆ ಪೂರ್ತಿ ಆಟಕ್ಕೆ 15ರಿಂದ 20 ಗಂಟೆ ಬೇಕು. ಭಯ ಅಷ್ಟು ಉದ್ದಕ್ಕೆ ಎಳೆದರೆ ತಡೆಯುವ ವಸ್ತು ಅಲ್ಲ.

‘ವರ್ಕಿಂಗ್ ಜೋ’ ಅನ್ನುವ ಆ ರೋಬೋಗಳು ಶುರುವಿನಲ್ಲಿ ನನಗೆ ತುಂಬಾ ಹಿಡಿಸಿದ್ದವು. ಅಗ್ಗದ ರಬ್ಬರ್ ಮುಖ, ಕೂದಲಿಲ್ಲದ ತಲೆ, ಓಡುವುದೇ ಇಲ್ಲ, ನಿಧಾನವಾಗಿ ನಡೆದು ಬಂದು ಕುತ್ತಿಗೆ ಹಿಸುಕುವಾಗಲೂ ಬ್ಯಾಂಕಿನ ಕೌಂಟರ್‌ನಲ್ಲಿ ಮಾತಾಡುವಷ್ಟೇ ವಿನಯದ ದನಿ. ಆದರೆ ಅವು ಸಾಯುತ್ತವೆ. ಬೋಲ್ಟ್ ಗನ್ ಇದೆ, ಶಾಟ್‌ಗನ್ ಇದೆ, ಹೊಡೆದರೆ ಬೀಳುತ್ತವೆ. ಹೊಡೆದು ಬೀಳಿಸುವ ಶತ್ರು ಬಂದ ಕೂಡಲೇ ಇದು ಹತ್ತು ಆಟಗಳಲ್ಲಿ ಹನ್ನೊಂದನೆಯದಾಗುತ್ತದೆ. ಗುಂಡು ಹಾರಿಸುವುದನ್ನು ಈ ಆಟ ಅಷ್ಟೇನೂ ಚೆನ್ನಾಗಿ ಮಾಡುವುದಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಇದರ ಜೊತೆ ಕತೆಯೂ ಸೊರಗುತ್ತದೆ. ಅಮಾಂಡಾಗೆ ತಾಯಿಯ ನೆನಪು ಅಂತ ಶುರುವಾದದ್ದು ನಡುವೆ ಎಲ್ಲೋ ಮರೆತೇಹೋಗಿ, ಇವರು ಹೇಳಿದ ಜನರೇಟರ್ ಚಾಲು ಮಾಡು, ಅವರು ಹೇಳಿದ ಬಾಗಿಲು ತೆಗಿ ಅನ್ನುವುದಕ್ಕೆ ಬಂದು ನಿಲ್ಲುತ್ತದೆ. ಗೋಡೆ, ಬೆಳಕು, ಹೊಗೆ ಎಲ್ಲ ಅಷ್ಟು ಚೆನ್ನಾಗಿ ಮಾಡಿದವರು ಮನುಷ್ಯರ ಮುಖ ಮಾತ್ರ ಬೊಂಬೆಯ ಥರ ಬಿಟ್ಟಿದ್ದಾರೆ, ಹಾಗಾಗಿ ಯಾರಾದರೂ ಸತ್ತರೂ ಮನಸ್ಸಿಗೆ ತಟ್ಟುವುದು ಕಷ್ಟ. ಮುಕ್ತಾಯವೂ ಅವಸರದಲ್ಲಿ ಕತ್ತರಿಸಿದ ಹಾಗಿದೆ.

ಆದರೂ ಮುಗಿಸಿ ಅಂತಲೇ ಹೇಳ್ತೀನಿ. ಮುಂದೆ ರಿಯಾಕ್ಟರ್ ಕೆಳಗೆ ಇಳಿಯುವ ಭಾಗ ಒಂದಿದೆ. ಅಲ್ಲಿ ನೀವು ಕಂಡುಕೊಳ್ಳುವ ವಿಷಯ ಇಷ್ಟು ಹೊತ್ತು ನೀವು ನಂಬಿದ್ದನ್ನು ತಲೆಕೆಳಗು ಮಾಡುತ್ತದೆ. ಒಂದು ವಾರ ಬಿಟ್ಟು, ರಾತ್ರಿ, ಹೆಡ್‌ಫೋನ್ ಹಾಕಿ ಅಲ್ಲಿಂದ ಹಿಡಿಯಿರಿ.

ನನ್ನ ಮಗನಿಗೆ 13 ವರ್ಷ. ಕೊಡಿಸು ಅಂತ ಹಟ ಮಾಡ್ತಿದ್ದಾನೆ. ರಕ್ತ ಜಾಸ್ತಿ ಇಲ್ಲ ಅಂತಾನೆ. ಕೊಡಿಸಬಹುದಾ?
ಒಬ್ಬ ತಾಯಿ, ಮೈಸೂರು

ಬೇಡಮ್ಮಾ. ಯುರೋಪಿನ ರೇಟಿಂಗ್ ಪ್ರಕಾರ ಇದು 18 ದಾಟಿದವರಿಗೆ, ಅಮೆರಿಕದ ಪ್ರಕಾರ 17. ರಕ್ತ ಜಾಸ್ತಿ ಇಲ್ಲ ಅನ್ನುವುದು ಒಂದು ಮಟ್ಟಿಗೆ ನಿಜವೇ, ಆದರೆ ತೊಂದರೆ ರಕ್ತದ್ದಲ್ಲ. ಇದು ಗಂಟೆಗಟ್ಟಲೆ ಮನಸ್ಸನ್ನು ಬಿಗಿಹಿಡಿದು ಕೂರಿಸುವ ಆಟ. ನಲವತ್ತು ದಾಟಿದ ನನಗೇ ಆಡಿದ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಇನ್ನು ನಾಲ್ಕೈದು ವರ್ಷ ಕಾಯಲಿ, ಆಟ ಎಲ್ಲೂ ಹೋಗುವುದಿಲ್ಲ. ನೀವು ಕಾರಣ ಹೇಳಿ ಬೇಡ ಅಂದರೆ ಕೇಳುವ ವಯಸ್ಸು ಅವನದು.

ಸಿನಿಮಾ ನೋಡಿರಬೇಕಾ? ಸ್ಪೀಕರ್‌ನಲ್ಲಿ ಆಡಬಹುದಾ, ಹೆಡ್‌ಫೋನ್ ಬೇಕೇ ಬೇಕಾ?
ಓದುಗರು, ತುಮಕೂರು

ಸಿನಿಮಾ ನೋಡದಿದ್ದರೂ ಕತೆ ಅರ್ಥವಾಗುತ್ತದೆ. ನೋಡಿದ್ದರೆ ರುಚಿ ಹೆಚ್ಚು, ಏಕೆಂದರೆ ಜೆರ್ರಿ ಗೋಲ್ಡ್‌ಸ್ಮಿತ್ ಆ ಸಿನಿಮಾಗೆ ಮಾಡಿದ ಸಂಗೀತದ ಎಳೆಗಳು ಇಲ್ಲೂ ಬರುತ್ತವೆ. ಒಂದು ವ್ಯತ್ಯಾಸ ಗಮನಿಸಿ. ಸಿನಿಮಾದಲ್ಲಿ ಪ್ರಾಣಿ ಕಾಣುವುದು ಕ್ಷಣ ಕ್ಷಣ ಮಾತ್ರ, ಒಳಗೆ ಮನುಷ್ಯ ಇದ್ದರೂ ಗೊತ್ತಾಗುವುದಿಲ್ಲ. ಆಟದಲ್ಲಿ ನಿಮಿಷಗಟ್ಟಲೆ ಕಾಣುತ್ತದೆ. ವೇಷ ಹಾಕಿದ ಮನುಷ್ಯನ ಹಾಗೆ ಕಾಣಬಾರದು ಅಂತ ಅದರ ಕಾಲುಗಳನ್ನು ಮೃಗದ ಹಿಂಗಾಲಿನ ಹಾಗೆ ಬಾಗಿಸಿ ಬದಲಾಯಿಸಿದ್ದಾರೆ. ಆ ನಡಿಗೆಯೇ ಬೇರೆ.

ಹೆಡ್‌ಫೋನ್ ಬೇಕೇ ಬೇಕು. ಅದು ತಲೆ ಮೇಲಿದೆಯೋ, ಬೆನ್ನ ಹಿಂದಿದೆಯೋ ಅನ್ನುವುದು ಕಿವಿಯಿಂದಲೇ ತಿಳಿಯಬೇಕು. ಇನ್ನೊಂದು ಸಂಗತಿ: ಟಿವಿಗೆ ಜೋಡಿಸಿ ಆಡುವ ಪಿಎಸ್4 ಯಂತ್ರದ ಕ್ಯಾಮೆರಾ ಅಥವಾ ಅಂಥದ್ದೇ ಎಕ್ಸ್‌ಬಾಕ್ಸ್ ಒನ್ ಯಂತ್ರದ ಕಿನೆಕ್ಟ್ ಅನ್ನುವ ಕ್ಯಾಮೆರಾ-ಮೈಕ್ ಇದ್ದರೆ ನಿಮ್ಮ ಕೋಣೆಯ ಸದ್ದೂ ಆಟದ ಒಳಗೆ ಕೇಳಿಸುವ ಹಾಗೆ ಮಾಡಬಹುದು. ಸ್ನೇಹಿತರ ಮನೆಯಲ್ಲಿ ಹಾಗೆ ಆಡುತ್ತಿದ್ದೆವು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮೇಜಿನ ಕೆಳಗೆ ಅಡಗಿದ್ದ ನಮ್ಮ ಕಡೆಗೆ ಅದು ತಿರುಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಾ? ಮೊಬೈಲ್‌ನಲ್ಲಿ?
ಓದುಗರು, ಕಲಬುರಗಿ

4 ಜಿಬಿ ರ‍್ಯಾಮ್, 1 ಜಿಬಿ ಗ್ರಾಫಿಕ್ಸ್ ಕಾರ್ಡ್, 35 ಜಿಬಿ ಜಾಗ ಇದ್ದರೆ ಕನಿಷ್ಠ ಮಟ್ಟದಲ್ಲಿ ಓಡುತ್ತದೆ. ಈಗಿನ ಆಟಗಳ ಪಕ್ಕದಲ್ಲಿ ಇದು ತುಂಬಾ ಹಗುರ, ಆದರೂ ನೋಡಲು ಹಳತು ಅನಿಸುವುದಿಲ್ಲ. ಮೊಬೈಲ್‌ಗೆ 2021ರ ಡಿಸೆಂಬರ್‌ನಲ್ಲಿ ಬಂತು, ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ. ಚೆನ್ನಾಗಿ ಮಾಡಿದ್ದಾರೆ. ಆದರೆ ಬಸ್ಸಿನಲ್ಲಿ, ಹಗಲು ಬೆಳಕಿನಲ್ಲಿ ಐದೈದು ನಿಮಿಷ ಆಡಿದರೆ ಇದರ ಜೀವವೇ ಹೋಗುತ್ತದೆ. ಕೊಂಡರೆ ರಾತ್ರಿ ದೀಪ ಆರಿಸಿ ಆಡಿ.

ಎರಡನೇ ಭಾಗ ಬರುತ್ತಂತೆ, ನಿಜವಾ? ಬಂದರೆ ಏನು ಬದಲಾಗಬೇಕು?
ಓದುಗರು, ಬೆಂಗಳೂರು

ನಿಜ. ಆಟಕ್ಕೆ ಹತ್ತು ವರ್ಷ ತುಂಬಿದ ದಿನ, 2024ರ ಅಕ್ಟೋಬರ್‌ನಲ್ಲಿ, ಮೊದಲ ಆಟದ ನಿರ್ದೇಶಕ ಆಲ್ ಹೋಪ್ ಅವರೇ ಎರಡನೆಯದರ ಕೆಲಸ ಆರಂಭದ ಹಂತದಲ್ಲಿದೆ ಅಂತ ಹೇಳಿದರು. ನನ್ನ ಆಸೆ ಸಣ್ಣದು. ಆಟ ಹತ್ತು, ಹನ್ನೆರಡು ಗಂಟೆಗೆ ಮುಗಿಯಲಿ. ಕೈಗೆ ಬಂದೂಕು ಕೊಡುವುದೇ ಬೇಡ. ಮನುಷ್ಯರಿಗೆ ಮನುಷ್ಯರ ಮುಖ ಬರಲಿ, ಅವರು ಸತ್ತಾಗ ನನಗೆ ನೋವಾಗಲಿ. ಗೋಡೆಯ ಮೇಲಿನ ಆ ಫೋನ್ ಪೆಟ್ಟಿಗೆಗಳು ಇನ್ನೂ ನಾಲ್ಕು ಜಾಸ್ತಿ ಇರಲಿ, ಆದರೆ ಆ ಮೂರು ದೀಪ ಮಾತ್ರ ಹಾಗೆಯೇ ನಿಧಾನವಾಗಿ ಹತ್ತಲಿ.